‘ನಿರೋಧಕ’ ಎಂದರೆ ಯಾವುದಕ್ಕೆ? ಕೋಸಿನ ಕುಟುಂಬದ ಮೂಲಕ ಒಂದು ಪಾಠ

ಸಿರುಗುಪ್ಪ ತಾಲ್ಲೂಕಿನ ರಾರಾವಿಯ ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಗೆ ಹೋದಾಗ 9ನೇ ತರಗತಿಯ ‘ಆಹಾರ ಸಂಪನ್ಮೂಲಗಳ ಸುಧಾರಣೆ’ ಘಟಕ ನನ್ನ ಪಾಲಿಗೆ ಬಂತು. ರೋಗ ಮತ್ತು ಕೀಟಗಳಿಗೆ ತಳಿಯ ನಿರೋಧಕತೆಯನ್ನು ಪಠ್ಯಪುಸ್ತಕ ಕೆಲವೇ ಸಾಲುಗಳಲ್ಲಿ ಹೇಳಿ ಮುಂದೆ ಹೋಗುತ್ತದೆ. ನಾನು ಅದಕ್ಕೇ ಒಂದು ಪೂರ್ಣ ಅವಧಿ ಇಟ್ಟುಕೊಂಡೆ. ಈ ಊರಿನ ಮಕ್ಕಳಿಗೆ ‘ನಿರೋಧಕ’ ಎಂಬುದು ಪುಸ್ತಕದ ಪದವಲ್ಲ, ಮನೆಯವರು ದುಡ್ಡು ಕೊಟ್ಟು ತರುವ ಬೀಜದ ಪೊಟ್ಟಣದ ಮೇಲಿನ ಪದ.

ಪೂರ್ವಜ್ಞಾನ ಪರೀಕ್ಷೆಯಲ್ಲೇ ಒಬ್ಬ ಹುಡುಗ ಕೇಳಿದ: “ಸರ್, ನಿರೋಧಕ ಅಂತ ಬರ್ದಿರ್ತಾರ, ಆದ್ರೂ ನಮ್ಮಪ್ಪ ಎಣ್ಣಿ ಹೊಡೀತಾನ. ಮತ್ಯಾಕ ಬರೀತಾರ್ರಿ?” ಪಾಠಯೋಜನೆಯಲ್ಲಿ ಬರೆದುಕೊಂಡಿದ್ದ ಪ್ರೇರಣಾ ಪ್ರಶ್ನೆಗಿಂತ ಇದು ಒಳ್ಳೆಯದಿತ್ತು. ಅದನ್ನೇ ಕಪ್ಪುಹಲಗೆಯ ಮೇಲೆ ಬರೆದೆ.

ಸುತ್ತ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಊರಿನಲ್ಲಿ ಎಲೆಕೋಸನ್ನೇಕೆ ಆರಿಸಿದಿರಿ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದ್ದರು. ಮೆಣಸಿನಕಾಯಿ ತೆಗೆದುಕೊಂಡರೆ ಮಾತು ಯಾರ ಹೊಲ ಕೆಟ್ಟಿತು, ಯಾರು ಮೋಸ ಹೋದರು ಎಂಬಲ್ಲಿಗೆ ಹೋಗುತ್ತದೆ. ಕೋಸು ಇಲ್ಲಿ ಯಾರ ಮುಖ್ಯ ಬೆಳೆಯೂ ಅಲ್ಲ. ಆದರೆ ಅದರ ಕುಟುಂಬದ ಸಾಸಿವೆ ಎಲ್ಲರ ಒಗ್ಗರಣೆ ಡಬ್ಬಿಯಲ್ಲೂ ಇದೆ.

ಕಲಿಕೋಪಕರಣಗಳು ಇಷ್ಟೇ: ಹೊರ ಎಲೆಗಳಲ್ಲಿ ತೂತುಗಳಿದ್ದ ಒಂದು ಎಲೆಕೋಸು, ಮೂಲಂಗಿ, ಮಕ್ಕಳು ಮನೆಯಿಂದ ತಂದ ಸಾಸಿವೆ. ಸಾಸಿವೆ ಕಾಳನ್ನು ನಾಲಿಗೆಯ ಮೇಲೆ ಸುಮ್ಮನೆ ಇಟ್ಟುಕೊಳ್ಳಲು ಹೇಳಿದೆ, ಆಮೇಲೆ ಅಗಿಯಲು. ಅಗಿದಾಗಲೇ ಘಾಟು. ಜೀವಕೋಶ ಒಡೆದಾಗ ಗ್ಲುಕೋಸಿನೊಲೇಟ್ ಎಂಬ ಪದಾರ್ಥ ಮೈರೋಸಿನೇಸ್ ಕಿಣ್ವದೊಡನೆ ಬೆರೆತು ಈ ಘಾಟು ಹುಟ್ಟುತ್ತದೆ. ಕೋಸಿನ ಕುಟುಂಬದ ಸಸ್ಯಗಳು ಇದರಿಂದಲೇ ಹಲವು ಕೀಟಗಳನ್ನು ದೂರವಿಡುತ್ತವೆ. ಆದರೆ ಡೈಮಂಡ್ ಬ್ಯಾಕ್ ಮಾತ್, ಅಂದರೆ ವಜ್ರಬೆನ್ನಿನ ಪತಂಗಕ್ಕೆ ಇದೇ ಪದಾರ್ಥಗಳು ಮೊಟ್ಟೆಯಿಡಲು ಕರೆಯೋಲೆ. ಒಂದಕ್ಕೆ ಬೇಲಿಯಾದದ್ದು ಇನ್ನೊಂದಕ್ಕೆ ಬಾಗಿಲು. ಇಲ್ಲಿ ತರಗತಿ ನಿಜವಾಗಿ ಎಚ್ಚರಗೊಂಡಿತು.

ನಂತರ ಎನ್‌ಸಿಇಆರ್‌ಟಿಯ 12ನೇ ತರಗತಿ ಜೀವಶಾಸ್ತ್ರದಲ್ಲಿ ಮೊದಲಿದ್ದ ಕೋಷ್ಟಕದಿಂದ ಮೂರು ತಳಿಗಳನ್ನು ಬರೆದೆ. ಪೂಸಾ ಸ್ವರ್ಣಿಂ ಸಾಸಿವೆ: ಬಿಳಿ ತುಕ್ಕು ರೋಗಕ್ಕೆ. ಪೂಸಾ ಸ್ನೋಬಾಲ್ ಕೆ-1 ಹೂಕೋಸು: ಕಪ್ಪು ಕೊಳೆ ರೋಗಕ್ಕೆ. ಪೂಸಾ ಗೌರವ್ ಸಾಸಿವೆ: ಸಸ್ಯಹೇನಿಗೆ. “ಸ್ವರ್ಣಿಂ ಹೊಲಕ್ಕೆ ಹೇನು ಬಂದರೆ?” ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: “ಅದು ತುಕ್ಕಿಗಷ್ಟೇ ಐತ್ರಿ.” ಹೆಸರುಗಳು ಈ ಮಕ್ಕಳಿಗೆ ಹೊರೆ ಎಂದು ಮಾರ್ಗದರ್ಶಕರ ಅಭಿಪ್ರಾಯ. ಬಾಯಿಪಾಠ ಮಾಡಿಸಿದರೆ ಖಂಡಿತ ಹೊರೆಯೇ. ‘ಯಾವುದಕ್ಕೆ’ ಎಂಬ ಅಂಕಣವಿಲ್ಲದ ತಳಿಪಟ್ಟಿಯಂತೂ ಯಾವ ತರಗತಿಗೂ ಬೇಡ.

‘ಹೇಗೆ’ ಎಂಬ ಅಂಕಣಕ್ಕೆ ಹತ್ತಿ ನೆರವಿಗೆ ಬಂತು. ಎಲೆಯ ಮೇಲೆ ರೋಮ ಹೆಚ್ಚಿರುವ ಹತ್ತಿಯಲ್ಲಿ ಜಿಗಿಹುಳುವಿನ ಕಾಟ ಕಡಿಮೆ. ಎಲೆಕೋಸಿನಲ್ಲಿ ಬೂದುಬಣ್ಣದ ಮೇಣ ಕಡಿಮೆಯಿರುವ ಹೊಳಪೆಲೆಯ ಸಾಲುಗಳ ಮೇಲೆ ವಜ್ರಬೆನ್ನಿನ ಪತಂಗದ ಮರಿಹುಳು ಸರಿಯಾಗಿ ನೆಲೆಯೂರುವುದಿಲ್ಲ. ಆದರೆ ಎಲೆಗೆ ತೂತು ಕೊರೆಯುವ ಪುಟ್ಟ ಜಿಗಿಯುವ ದುಂಬಿಗೆ ಅವು ಸುಲಭದ ತುತ್ತು. ಮೇಣವೆಂದರೇನೆಂದು ತಿಳಿಯಲು ಮಕ್ಕಳು ಕೋಸಿನ ಎಲೆಯನ್ನು ಬೆರಳಿನಿಂದ ಉಜ್ಜಿ, ನೀರಿನ ಹನಿ ಬಿಟ್ಟು ನೋಡಿದರು.

ಪದದ ಇನ್ನೊಂದು ಮುಖವನ್ನೂ ಹೇಳಬೇಕಾಯಿತು. ಬೆಳೆಯಂತೆ ಕೀಟವೂ ನಿರೋಧಕವಾಗುತ್ತದೆ. ಜಾವಾದಲ್ಲಿ ಈ ಪತಂಗ ಡಿಡಿಟಿಗೆ ಜಗ್ಗದಾದದ್ದು 1953ರಲ್ಲೇ ವರದಿಯಾಗಿತ್ತು. 1990ರಲ್ಲಿ ಹವಾಯಿಯಿಂದ ಬಂದ ವರದಿಯ ಪ್ರಕಾರ ಬಿಟಿ ಸಿಂಪಡಣೆಗೂ ಅದು ಜಗ್ಗಲಿಲ್ಲ. ‘ಬಿಟಿ’ ಎಂದೊಡನೆ ಹತ್ತಿ ಬೆಳೆಯುವ ಮನೆಯ ಮಕ್ಕಳು ಗುಲಾಬಿ ಕಾಯಿಕೊರಕದ ಮಾತು ತೆಗೆದರು. ಅದನ್ನು ನಾನು ವಿವರಿಸಬೇಕಾಗಲಿಲ್ಲ.

ಹುಡುಗನ ಪ್ರಶ್ನೆಗೆ ಉತ್ತರ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆಲಸದಲ್ಲಿತ್ತು. ಕೆ. ಶ್ರೀನಿವಾಸನ್ ಮತ್ತು ಪಿ.ಎನ್. ಕೃಷ್ಣಮೂರ್ತಿ 1991ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಪ್ರತಿ 25 ಸಾಲು ಎಲೆಕೋಸಿಗೆ 2 ಸಾಲು ಸಾಸಿವೆ: ಒಂದನ್ನು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತುವುದು. ಪತಂಗ ಸಾಸಿವೆಗೆ ಹೋಗುತ್ತದೆ, ಕೋಸಿಗೆ ಎಣ್ಣೆ ಹೊಡೆಯುವುದು ಕಡಿಮೆಯಾಗುತ್ತದೆ. ನಿರೋಧಕ ಗುಣ ತಳಿಯಲ್ಲೇ ಸಿಗದಿದ್ದಾಗ ಹೊಲದ ಜೋಡಣೆಯಲ್ಲಿ ಅದನ್ನು ಹುಡುಕಿದ ಕೆಲಸವಿದು. ಮಕ್ಕಳು ನೆಲದ ಮೇಲೆ ಸೀಮೆಸುಣ್ಣದಿಂದ 25 ಗೆರೆ ಎಳೆದು, ಸಾಸಿವೆ ಸಾಲಿನ ಮೇಲೆ ಕಾಳು ಇಟ್ಟು ಈ ಹೊಲ ಮಾಡಿದರು.

ಮೌಲ್ಯಮಾಪನಕ್ಕೆ ಬರವಣಿಗೆಯ ಪರೀಕ್ಷೆ ಇಡಲಿಲ್ಲ. ಮನೆಯಲ್ಲಿರುವ ಬೀಜದ ಖಾಲಿ ಪೊಟ್ಟಣ ತಂದು ‘ಯಾವುದಕ್ಕೆ’ ಎಂಬ ಪದದ ಕೆಳಗೆ ಗೆರೆ ಎಳೆಯಬೇಕಿತ್ತು. ಒಬ್ಬ ಹುಡುಗಿ ತಂದ ಮೆಣಸಿನಕಾಯಿ ಪೊಟ್ಟಣದಲ್ಲಿ ‘ರೋಗ ಸಹಿಷ್ಣು’ ಎಂದಷ್ಟೇ ಇತ್ತು, ರೋಗದ ಹೆಸರಿರಲಿಲ್ಲ. ಗೆರೆ ಎಲ್ಲಿ ಎಳೆಯಲಿ ಎಂದು ಕೇಳಿದಳು. ಸಹಿಷ್ಣು ಎಂದರೆ ರೋಗ ತಗಲುತ್ತದೆ, ಇಳುವರಿ ಅಷ್ಟಾಗಿ ಕುಸಿಯುವುದಿಲ್ಲ ಎಂದು ವಿವರಿಸಿ, ಯಾವ ರೋಗವೆಂದು ಅಂಗಡಿಯಲ್ಲಿ ಕೇಳುವಂತೆ ಅಪ್ಪನಿಗೆ ಹೇಳಲು ತಿಳಿಸಿದೆ.