ಪರದೆ ಏಕೆ ಆರಿತು?

ಮಕ್ಕಳೇ, ಮಲ್ಪೆ ಬಂದರಿನಿಂದ ಬೋಟೊಂದು ಮೀನು ಹಿಡಿಯಲು ಹೊರಟಿದೆ ಎಂದುಕೊಳ್ಳಿ. ಬೋಟ್ ನಡೆಸುವ ತಾಂಡೇಲರ ಮುಂದೆ ಫಿಶ್ ಫೈಂಡರ್ ಎಂಬ ಉಪಕರಣವಿದೆ. ಅದು ನೀರಿನೊಳಕ್ಕೆ ಶಬ್ದದ ಅಲೆಗಳನ್ನು ಕಳಿಸುತ್ತದೆ. ಅವು ಮೀನಿನ ಹಿಂಡಿಗೋ ಸಮುದ್ರದ ತಳಕ್ಕೋ ಬಡಿದು ಪ್ರತಿಧ್ವನಿಯಾಗಿ ಮರಳುತ್ತವೆ. ಸಮುದ್ರದ ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1500 ಮೀಟರ್ ಚಲಿಸುತ್ತದೆ. ತಳಕ್ಕೆ ಹೋಗಿ ಬರಲು 0.04 ಸೆಕೆಂಡ್ ಹಿಡಿದರೆ ಅಲ್ಲಿನ ಆಳ 30 ಮೀಟರ್. ಹೇಗೆ? ನೀವೇ ಲೆಕ್ಕ ಮಾಡಿ.

ಇದ್ದಕ್ಕಿದ್ದಂತೆ ಪರದೆ ಆರಿಹೋಯಿತು! ಈಗ ಮೀನಿನ ಗುರುತೂ ಇಲ್ಲ, ಆಳದ ಅಂದಾಜೂ ಇಲ್ಲ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದಂತಹ ಕಲ್ಲುಬಂಡೆಗಳ ಜಾಗದಲ್ಲಿ ಇದು ಅಪಾಯಕರ.

ದೋಷ ಎಲ್ಲಿದೆ?

ಮೊದಲು ಫ್ಯೂಸ್ ನೋಡಬೇಕು. ಅದು ಸರಿಯಾಗಿದೆ. ಮಲ್ಟಿಮೀಟರ್‌ನಿಂದ ಅಳೆದರೆ ಬ್ಯಾಟರಿಯಲ್ಲಿ 12.6 ವೋಲ್ಟ್ ಇದೆ. ಉಪಕರಣದಿಂದ ತಂತಿಗಳನ್ನು ಕಳಚಿ, ಅವುಗಳ ತುದಿಯಲ್ಲಿ ಅಳೆದರೂ 12.6 ವೋಲ್ಟ್! ಹಾಗಾದರೆ ಉಪಕರಣವೇ ಕೆಟ್ಟಿದೆಯೇ?

ಅವಸರ ಬೇಡ. ತಂತಿಗಳನ್ನು ಮತ್ತೆ ಜೋಡಿಸಿ, ಸ್ವಿಚ್ ಹಾಕಿ ಅಳೆಯೋಣ. ಬ್ಯಾಟರಿಯಲ್ಲಿ 12.5 ವೋಲ್ಟ್, ಉಪಕರಣದ ಬಳಿ 9.5 ವೋಲ್ಟ್ ಮಾತ್ರ. ದಾರಿಯಲ್ಲಿ 3 ವೋಲ್ಟ್ ಕಳೆದುಹೋಗಿದೆ! 12 ವೋಲ್ಟಿನ ಹಲವು ಉಪಕರಣಗಳು ಇಷ್ಟು ಕಡಿಮೆ ವೋಲ್ಟಿನಲ್ಲಿ ಕೆಲಸ ಮಾಡುವುದಿಲ್ಲ.

ಇದಕ್ಕೆ ಕಾರಣ ಕಿಲುಬು. ಉಪ್ಪುನೀರು ಮತ್ತು ಗಾಳಿ ಸೇರಿ ತಾಮ್ರದ ತಂತಿಯ ಜೋಡಣೆಯಲ್ಲಿ ಹಸಿರು ಕಿಲುಬು ಕಟ್ಟಿಸುತ್ತವೆ. ಅಲ್ಲಿ ವಿದ್ಯುತ್ತಿಗೆ ರೋಧ ಹೆಚ್ಚುತ್ತದೆ. ಆ ರೋಧ 3 ಓಮ್ ಇದ್ದು, 1 ಆಂಪೇರ್ ಪ್ರವಾಹ ಹರಿದರೆ 3 × 1 = 3 ವೋಲ್ಟ್ ಅಲ್ಲೇ ವ್ಯಯವಾಗುತ್ತದೆ. ತಂತಿ ಕಳಚಿದಾಗ ಪ್ರವಾಹವೇ ಹೆಚ್ಚುಕಡಿಮೆ ಇರಲಿಲ್ಲ. ಆದ್ದರಿಂದ ನಷ್ಟವೂ ಕಾಣಲಿಲ್ಲ. ಉಪಕರಣ ಚಾಲೂ ಇರುವಾಗಲೇ ಅಳೆಯಬೇಕೆನ್ನುವುದು ಇದಕ್ಕಾಗಿಯೇ.

ಧನ ತಂತಿಯಷ್ಟೇ ಅಲ್ಲ, ಋಣ ತಂತಿಯ ಜೋಡಣೆಗಳನ್ನೂ ಪರೀಕ್ಷಿಸಬೇಕು. ಮಂಡಲ ಪೂರ್ಣವಾಗಲು ಎರಡೂ ಬೇಕಲ್ಲವೇ? ಬ್ಯಾಟರಿಯ ಸಂಪರ್ಕ ತಪ್ಪಿಸಿ, ಕಿಲುಬನ್ನು ಉಜ್ಜಿ ತೆಗೆದು, ಜೋಡಣೆಯನ್ನು ಬಿಗಿಮಾಡಿ, ನೀರು ತಾಗದಂತೆ ಮುಚ್ಚಿದರೆ ಪರದೆ ಮತ್ತೆ ಬೆಳಗುತ್ತದೆ.

ಮಾಡಿ ನೋಡಿ

ಎರಡು ಟಾರ್ಚ್ ಸೆಲ್, ಒಂದು ಟಾರ್ಚ್ ಬಲ್ಬ್ ಮತ್ತು ತಂತಿಗಳಿಂದ ಮಂಡಲ ಮಾಡಿ. ನಡುವೆ ತುಕ್ಕು ಹಿಡಿದ ಮೊಳೆಯನ್ನು ಸೇರಿಸಿ. ಬಲ್ಬ್ ಉರಿಯದಿರಬಹುದು ಅಥವಾ ಮಂಕಾಗಿ ಉರಿಯಬಹುದು. ಮೊಳೆಯ ಎರಡೂ ತುದಿಗಳನ್ನು ಉಜ್ಜುಕಾಗದದಿಂದ ಹೊಳೆಯುವಂತೆ ಉಜ್ಜಿ, ಮತ್ತೆ ಸೇರಿಸಿ. ಏನು ವ್ಯತ್ಯಾಸ ಕಂಡಿತು? ಬರೆದಿಡಿ.

ಎಚ್ಚರಿಕೆ

ಫ್ಯೂಸ್ ಸುಟ್ಟರೆ ಅದರ ಬದಲು ದಪ್ಪ ತಂತಿ ಸುತ್ತಬಾರದು. ಪ್ರವಾಹ ಮಿತಿಮೀರಿದಾಗ ಫ್ಯೂಸ್ ತಾನು ಸುಟ್ಟು ಮಂಡಲವನ್ನು ಕಡಿಯುತ್ತದೆ. ಅದಿಲ್ಲದಿದ್ದರೆ ತಂತಿ ಕಾದು ಬೋಟಿಗೇ ಬೆಂಕಿ ಹತ್ತಬಹುದು. ನಡುಗಡಲಿನಲ್ಲಿ ಓಡಲು ಜಾಗವಿಲ್ಲ! ನಿಮ್ಮ ಪ್ರಯೋಗಕ್ಕೆ ಟಾರ್ಚ್ ಸೆಲ್ ಮಾತ್ರ ಬಳಸಿ. ಮನೆಯ 230 ವೋಲ್ಟಿನ ವಿದ್ಯುತ್ತನ್ನು ಎಂದೂ ಮುಟ್ಟಬೇಡಿ.