ಪ್ಲಿಮ್‌ಸಾಲ್ ಮತ್ತು ಹಡಗಿನ ಭಾರರೇಖೆ

ಸರಕು ಹಡಗಿನ ಪಕ್ಕೆಯ ಮೇಲೆ, ಅಡ್ಡಗೆರೆ ಹಾಯ್ದ ವೃತ್ತವೊಂದನ್ನು ರಫ್ತುದಾರರು ಗಮನಿಸಿರಬಹುದು. ಹಡಗು ಎಷ್ಟು ಆಳಕ್ಕೆ ಇಳಿಯುವವರೆಗೆ ಸರಕು ಹೇರಬಹುದೆಂಬುದನ್ನು ಸೂಚಿಸುವ ಈ ಗುರುತಿಗಾಗಿ ಹೋರಾಡಿದವರು ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್. ವೃತ್ತಿಯಲ್ಲಿ ಕಲ್ಲಿದ್ದಲು ವ್ಯಾಪಾರಿ. 1868ರಿಂದ 1880ರವರೆಗೆ ಡರ್ಬಿ ಕ್ಷೇತ್ರದ ಬ್ರಿಟಿಷ್ ಸಂಸದ.

ಶಿಥಿಲ ಹಡಗುಗಳಿಗೆ ಮೌಲ್ಯಕ್ಕೆ ಮೀರಿದ ವಿಮೆ ಮಾಡಿಸಿ, ಅತಿಭಾರ ಹೇರಿ ಕಳುಹಿಸುವ ಮಾಲೀಕರಿದ್ದಾರೆಂದು ಅವರು 1873ರ ತಮ್ಮ ಗ್ರಂಥದಲ್ಲಿ ಆಪಾದಿಸಿದರು. ಮುಳುಗಿದರೆ ಮಾಲೀಕನಿಗೆ ಪರಿಹಾರಧನ ದೊರೆಯುತ್ತಿತ್ತು, ಸಾಯುತ್ತಿದ್ದವರು ನಾವಿಕರು. 1875ರ ಜುಲೈನಲ್ಲಿ ಡಿಸ್ರೇಲಿ ಸರ್ಕಾರವು ಹಡಗು ಮಸೂದೆಯನ್ನು ಕೈಬಿಟ್ಟಾಗ, ಅವರು ಸದನದಲ್ಲೇ ಕೆರಳಿ ಕೂಗಾಡಿ, ಬಳಿಕ ಕ್ಷಮೆ ಕೋರಿದರು. ಜನಾಭಿಪ್ರಾಯವು ಅವರ ಪರವಾಗಿತ್ತು.

1876ರ ಕಾಯಿದೆಯು ರೇಖೆಯನ್ನು ಕಡ್ಡಾಯಗೊಳಿಸಿತು. ಆದರೆ ಅದನ್ನು ಎಲ್ಲಿ ಎಳೆಯಬೇಕೆಂಬುದನ್ನು ಮಾಲೀಕನಿಗೇ ಬಿಟ್ಟಿತು! ತೂಕದ ಕಲ್ಲನ್ನು ಅಂಗಡಿಯವನೇ ಕಡೆದುಕೊಳ್ಳಲಿ ಎಂದಂತಾಯಿತು. ರೇಖೆಯ ಸ್ಥಾನವನ್ನು ನಿಯಮಾನುಸಾರ ಗೊತ್ತುಪಡಿಸಲು 1890ರ ಕಾಯಿದೆ ಬರಬೇಕಾಯಿತು. ಆ ವೇಳೆಗೆ ಪ್ಲಿಮ್‌ಸಾಲ್ ಸಂಸತ್ತನ್ನು ಬಿಟ್ಟು ಹತ್ತು ವರ್ಷಗಳಾಗಿದ್ದವು.