ಹಳೆ ದೋಣಿ ಕೊಳ್ಳುವ ಮುಂಚೆ ಗೇರ್ ಆಯಿಲ್ ನೋಡಿ

ಈ ವಾರ ಗೊಬ್ಬರ, ಕಷಾಯದ ಮಾತಿಲ್ಲ, ದೋಣಿ ಮಾತು. ಕಾರವಾರದ ಕಾಳಿ, ಅಂಕೋಲೆಯ ಗಂಗಾವಳಿ ದಡದಲ್ಲಿ ತೋಟ ಇರೋರಿಗೆ ದೋಣಿ ಅಂದ್ರೆ ಟ್ರಾಲಿ ಇದ್ದ ಹಾಗೆ. ಗೊಬ್ಬರದ ಚೀಲ ಆಚೆ ಹೋಗಬೇಕು, ತೆಂಗಿನಕಾಯಿ, ಇಶಾಡ ಮಾವು ಈಚೆ ಬರಬೇಕು. ಹೊಸ ಔಟ್‌ಬೋರ್ಡ್ ಎಂಜಿನ್ ದುಬಾರಿ. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕ್ತೇವೆ.

ನಾನೂ ಹಾಗೇ ಒಂದು ತಂದೆ. ಒಂದೇ ಎಳೆತಕ್ಕೆ ಸ್ಟಾರ್ಟ್ ಆಯ್ತು, ಪೇಂಟ್ ಹೊಳೀತಿತ್ತು, ದುಡ್ಡು ಕೊಟ್ಟೆ. ಮೂರನೇ ವಾರ ಇಳಿತದ ಹೊತ್ತಲ್ಲಿ, ನದಿ ನಡುವೆ ಎಂಜಿನ್ ಕೂಗ್ತಾ ಇದೆ, ದೋಣಿ ಮಾತ್ರ ಮುಂದೆ ಹೋಗ್ತಿಲ್ಲ. ನೀರು ಅಳಿವೆ ಕಡೆ ಎಳೀತಿತ್ತು. ಮೀನುಗಾರ ಅಣ್ಣ ಒಬ್ಬರು ಹಗ್ಗ ಎಸೆದು ದಡಕ್ಕೆ ತಂದ್ರು. ಬಿಚ್ಚಿ ನೋಡಿದ್ರೆ ಗೇರ್ ಪೆಟ್ಟಿಗೆಯಲ್ಲಿ ಉಪ್ಪುನೀರು, ಒಳಗಿನ ಹಲ್ಲುಗಳು ಸವೆದಿದ್ದವು. ನಾನು ಎಂಜಿನ್ನಿನ ತಲೆ ನೋಡಿದ್ದೆ, ಕಾಲು ನೋಡಿರಲಿಲ್ಲ.

ಎಂಜಿನ್ ಮೇಲೆ ತಿರುಗುತ್ತದೆ. ಉದ್ದನೆಯ ಶಾಫ್ಟ್ ಆ ಶಕ್ತಿಯನ್ನು ಕೆಳಗೆ ತರುತ್ತದೆ. ಅಲ್ಲಿನ ಗೇರ್ ಅದನ್ನು ಪ್ರೊಪೆಲ್ಲರ್‌ಗೆ ಕೊಡುತ್ತದೆ. ಈ ಗೇರ್ ಪೆಟ್ಟಿಗೆ ಸದಾ ನೀರಿನಲ್ಲೇ ಇರುತ್ತದೆ. ನೀರನ್ನು ಹೊರಗೆ ತಡೆಯೋದು ರಬ್ಬರ್ ಸೀಲ್ ಮಾತ್ರ. ಆದ್ದರಿಂದ ಈ ಕ್ರಮದಲ್ಲಿ ನೋಡಿ.

1. ಗೇರ್ ಆಯಿಲ್: ರಾತ್ರಿಯಿಡೀ ನಿಂತ ಎಂಜಿನ್ ಆದರೆ ಒಳ್ಳೆಯದು, ನೀರಿದ್ದರೆ ತಳಕ್ಕೆ ಇಳಿದಿರುತ್ತದೆ. ಸ್ಟಾರ್ಟ್ ಮಾಡುವ ಮೊದಲೇ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ, ಒಂದು ಚಮಚ ಆಯಿಲ್ ಹಿಡಿಯಿರಿ. ಮೊದಲು ನೀರೇ ಬಂದರೆ, ಅಥವಾ ಆಯಿಲ್ ಹಾಲು ಹಾಕಿದ ಚಹಾದಂತಿದ್ದರೆ, ಸೀಲ್ ಹೋಗಿದೆ. ನುಣ್ಣನೆಯ ಲೋಹದ ಪುಡಿ ತುಸು ಇದ್ದರೆ ಸಹಜ. ಚೂರುಗಳಿದ್ದರೆ ಬೇಡ. ಆಯಿಲ್ ತೀರಾ ಹೊಸದಾಗಿದ್ದರೆ, ದೋಣಿ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.

2. ಪ್ರೊಪೆಲ್ಲರ್: ಸ್ಪಾರ್ಕ್ ಪ್ಲಗ್ ವಯರ್ ತೆಗೆದು, ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿ. ಅಲುಗಾಡಿದರೆ ಶಾಫ್ಟ್ ಬಾಗಿರಬಹುದು. ಪ್ರೊಪೆಲ್ಲರ್ ಹಿಂದೆ ಬಲೆಯ ದಾರ ಸುತ್ತಿದ್ದರೆ ಎಚ್ಚರ, ಅದೇ ಸೀಲ್ ಕೊಯ್ಯೋದು.

3. ಸತುವಿನ ತುಂಡು: ಉಪ್ಪುನೀರಿನಲ್ಲಿ ಎಂಜಿನ್ನಿನ ಬದಲು ತಾನು ಸವೆಯಲೆಂದೇ ಇಟ್ಟದ್ದು. ಅರ್ಧ ಸವೆದಿದ್ದರೆ ಬದಲಿಸಬೇಕು. ಅದರ ಮೇಲೆ ಪೇಂಟ್ ಬಳಿದಿದ್ದರೆ ಅದು ಕೆಲಸ ಮಾಡೋಲ್ಲ.

4. ತಂಪಿನ ನೀರು: ಒಣಗಿದ್ದಾಗ ಸ್ಟಾರ್ಟ್ ಮಾಡಬೇಡಿ, ಪಂಪಿನ ರಬ್ಬರ್ ಬೇಗ ಸುಟ್ಟುಹೋಗುತ್ತದೆ. ನೀರಿನ ಡ್ರಮ್‌ನಲ್ಲಿ, ಪ್ರೊಪೆಲ್ಲರ್ ಕಳಚಿ, ಓಡಿಸಿ. ಹಿಂದಿನಿಂದ ನೀರಿನ ಧಾರೆ ಬರಬೇಕು. ಬರದಿದ್ದರೆ ಕೂಡಲೇ ನಿಲ್ಲಿಸಿ.

5. ನದಿಯಲ್ಲಿ ಪರೀಕ್ಷೆ: ಖಾಲಿ ದೋಣಿ ಎಲ್ಲರನ್ನೂ ಮೋಸ ಮಾಡುತ್ತದೆ. ಇಬ್ಬರು ಕೂತು, ನೀರಿನ ಎಳೆತಕ್ಕೆ ಎದುರಾಗಿ, ಹತ್ತು ನಿಮಿಷ ಜೋರಾಗಿ ಓಡಿಸಿ. ರಿವರ್ಸ್ ಹಾಕಿ ನೋಡಿ. ಗೇರ್ ತಾನಾಗಿ ಬಿಟ್ಟುಹೋದರೆ ಒಳಗಿನ ಹಲ್ಲು ಸವೆದಿದೆ. ಎಂಜಿನ್ ಕೂಗಿಯೂ ದೋಣಿ ಎಳೆಯದಿದ್ದರೆ ಪ್ರೊಪೆಲ್ಲರ್ ಒಳಗಿನ ರಬ್ಬರ್ ಬುಷ್ ಜಾರುತ್ತಿರಬಹುದು. ಇದು ಸಣ್ಣ ಖರ್ಚು, ಗೇರ್ ದೊಡ್ಡ ಖರ್ಚು. ಚೌಕಾಸಿ ಮಾಡುವಾಗ ಈ ವ್ಯತ್ಯಾಸ ನೆನಪಿರಲಿ. ಲೈಫ್ ಜಾಕೆಟ್ ಬಿಟ್ಟು ಹೋಗಬೇಡಿ.

ಮೊಬೈಲ್‌ನಲ್ಲಿ ಎಂಜಿನ್ ನಂಬರಿನ ಫೋಟೋ ತೆಗೆದು ಬಿಲ್ಲಿಗೆ ತಾಳೆ ಹಾಕಿ. ಆಯಿಲ್ ತೆಗೆಯುವುದರ, ನೀರಿನ ಧಾರೆಯ ವಿಡಿಯೋ ಮಾಡಿ. ಬೈತಖೋಲ ಅಥವಾ ಬೇಲೇಕೇರಿಯಲ್ಲಿ ದೋಣಿ ರಿಪೇರಿ ಮಾಡುವ ಪರಿಚಯದವರಿದ್ದರೆ ಕಳಿಸಿ ಕೇಳಿ. ಅವರನ್ನೇ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ತಂದ ಮೇಲೆ ಪ್ರತಿ ಸಲ ಸಿಹಿನೀರಿನಲ್ಲಿ ಎಂಜಿನ್ ತೊಳೆಯಿರಿ. ಹಳೆ ಆಯಿಲ್ ನದಿಗೂ ಬೇಡ, ತೋಟಕ್ಕೂ ಬೇಡ, ಗ್ಯಾರೇಜಿಗೆ ಕೊಡಿ.

ಕೊನೆಗೆ ಒಂದೇ ಮಾತು: ಆ ಸ್ಕ್ರೂ ಬಿಚ್ಚಲು ಬಿಡದವರ ಎಂಜಿನ್ ಎಷ್ಟೇ ಅಗ್ಗವಾದರೂ ಬೇಡ. ನದಿ ನಡುವೆ ಅದರ ಬೆಲೆ ಗೊತ್ತಾಗುತ್ತದೆ.